ಗಿರಣಿ ನಿಂತ ವಾರ: ಡಿಸಿ ಲಿಂಕಿನ ಇತಿಹಾಸ, ನಮ್ಮೂರ ಕೆರೆಯಿಂದ ಕೋಲಾರದವರೆಗೆ

ಭಾಗ 1/10

ಮೊದ್ಲೇ ಹೇಳಿಬಿಡ್ತೀನಿ, ಇದು ಹಾಸನ ಜಿಲ್ಲೆ ಅರಸೀಕೆರೆ ಅಲ್ಲ. ಕಾಲೇಜಲ್ಲಿ ಊರ ಹೆಸರು ಹೇಳಿದ್ರೆ ಸಾಕು, "ಓ, ರೈಲ್ವೆ ಜಂಕ್ಷನ್ ಐತಲ್ಲ" ಅಂತೀರಿ. ನಮ್ದು ಹರಪನಹಳ್ಳಿ ತಾಲೂಕಿನ ಅರಸೀಕೆರೆ, ಉಚ್ಚಂಗಿದುರ್ಗದ ಹತ್ರ. 1997ರವರೆಗೆ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಜಿಲ್ಲೆ ಬದಲಾಗ್ತಾ ಹೋದ್ವು, ಊರು ಇದ್ದಲ್ಲೇ ಐತೆ.

ನಮ್ ದೊಡ್ಡಪ್ಪನದು ಹಿಟ್ಟಿನ ಗಿರಣಿ. ಮೋಟಾರಿಗೆ ಒಂದು ಡ್ರೈವ್ ಹಾಕ್ಸಿದ್ರು. ಅದೇ, ಮೋಟಾರಿನ ಸ್ಪೀಡ್ ಹೆಚ್ಚು ಕಡಿಮೆ ಮಾಡೋ ಡಬ್ಬಿ. ಕಳೆದ ವರ್ಷ ಉಗಾದಿಗೆ ನಾಲ್ಕು ದಿನ ಇರುವಾಗ ಢಬ್ ಅಂತ ಸದ್ದು ಬಂತು, ಸುಟ್ಟ ವಾಸನೆ ಬಂತು, ಗಿರಣಿ ನಿಂತೇ ಹೋಯ್ತು. ಹೊರಗೆ ಜೋಳ, ಗೋಧಿ, ಕಡ್ಲೆಬ್ಯಾಳಿ ಡಬ್ಬಿ ಸಾಲು. ವರ್ಷದಲ್ಲಿ ನಾಲ್ಕು ಕಾಸು ಜಾಸ್ತಿ ನೋಡೋ ವಾರ ಅದು. ಜನ ಸಂಜೆವರೆಗೂ ಕಾದು, ಡಬ್ಬಿ ಹೊತ್ಕೊಂಡು ಬೇರೆ ಗಿರಣಿಗೆ ಹೋದ್ರು.

ಡ್ರೈವ್ ಬಿಚ್ಚಿ ಬೈಕಲ್ಲಿ ಇಟ್ಕೊಂಡು ದಾವಣಗೆರೆಗೆ ಹೋದ್ವಿ. ರಿಪೇರಿ ಮಾಡೋ ಅಣ್ಣ ಮುಚ್ಚಳ ತೆಗೆದು ತೋರಿಸಿದ್ರು. ಒಳಗೆ ಎರಡು ದಪ್ಪ ಕೆಪಾಸಿಟರ್. ಒಂದರ ತಲೆ ಮಂಡಕ್ಕಿ ಉಬ್ಬಿದಂಗೆ ಉಬ್ಬಿತ್ತು. ಇನ್ನೊಂದು ಒಡೆದು ಕಂದು ಬಣ್ಣದ ಅಂಟು ಸೋರಿತ್ತು.

"ರಿಪಲ್ ತಿಂದು ಹಾಕೈತಿ ಇದನ್ನ," ಅಂದ್ರು ಅವರು.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಹುಡುಗ. ರಿಪಲ್ ಅಂದ್ರೆ ಪರೀಕ್ಷೆಯಲ್ಲಿ ಐದು ಮಾರ್ಕ್ಸಿನ ಪ್ರಶ್ನೆ ಅಷ್ಟೇ ಅಂದ್ಕೊಂಡಿದ್ದೆ. ಅದು ಒಂದು ಮನೆಯ ಹಬ್ಬ ಕೆಡಿಸುತ್ತೆ ಅಂತ ಗೊತ್ತಿರಲಿಲ್ಲ. ಅವತ್ತಿಂದ ಇದರ ಹಿಂದೆ ಬಿದ್ದು ಓದಿದ್ದನ್ನ ಹತ್ತು ಭಾಗ ಮಾಡಿ ಹಾಕ್ತಿದೀನಿ.

ಇನ್ನೊಂದು ಮಾತು. ಆ ಡ್ರೈವ್ ಸುಡೋಕೆ ಕಾರಣ ನಾನೇ. ಹೆಂಗೆ ಅಂತ ಈಗ್ಲೇ ಹೇಳಿದ್ರೆ ಅರ್ಥ ಆಗಲ್ಲ. ಹತ್ತನೇ ಭಾಗದಲ್ಲಿ ಹೇಳ್ತೀನಿ.

ಭಾಗ 2/10: ಕೆರೆ

ಡಿಸಿ ಲಿಂಕ್ ಅಂದ್ರೇನು? ನಮ್ಮೂರ ಹೆಸರಲ್ಲೇ ಉತ್ತರ ಐತೆ. ಕೆರೆ.

ನಮ್ ಕಡೆ ಮಳೆ ವರ್ಷಪೂರ್ತಿ ಒಂದೇ ಸಮ ಬರಲ್ಲ. ಬಂದ್ರೆ ನಾಲ್ಕು ದಿನ ಹೊಡೀತದೆ, ಆಮೇಲೆ ಹದಿನೈದು ದಿನ ಮಾಯ. ಹೊಲಕ್ಕೆ ಮಾತ್ರ ನೀರು ದಿನಾ ಬೇಕು. ಬರೋದು ಒಂದು ಲಯದಲ್ಲಿ, ಬೇಕಾಗೋದು ಇನ್ನೊಂದು ಲಯದಲ್ಲಿ. ಇವೆರಡರ ನಡುವೆ ನಿಲ್ಲೋಕೆ ಅಂತಲೇ ಹಿರೀಕರು ಕೆರೆ ಕಟ್ಟಿದ್ರು. ಮಳೆ ಹೆಂಗಾದ್ರೂ ಬರ್ಲಿ, ತೂಬಿನಿಂದ ಹೊರಗೆ ಹೋಗೋ ನೀರು ಸಮ.

ಡ್ರೈವಿನ ಒಳಗೂ ಇದೇ ಕೆಲಸ. ಕಂಬದಿಂದ ಬರೋ ಎಸಿ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುತ್ತೆ. ಡಯೋಡ್‌ಗಳು ಅದನ್ನ ಒಂದೇ ದಿಕ್ಕಿಗೆ ತಿರುಗಿಸಿ ಡಿಸಿ ಮಾಡ್ತವೆ. ಆಮೇಲೆ ಸ್ವಿಚ್‌ಗಳು ಆ ಡಿಸಿನ ಮತ್ತೆ ಎಸಿ ಮಾಡಿ ಮೋಟಾರಿಗೆ ಕೊಡ್ತವೆ, ಈ ಸಲ ನಮಗೆ ಬೇಕಾದ ವೇಗದಲ್ಲಿ. ನಡುವಿನ ಆ ಡಿಸಿ ಭಾಗವೇ ಡಿಸಿ ಲಿಂಕ್. ಅಲ್ಲಿ ಕೂತಿರೋ ಕೆಪಾಸಿಟರ್ ನಮ್ಮ ಕೆರೆ.

415 ವೋಲ್ಟ್ ತ್ರೀ ಫೇಸ್ ಕೊಟ್ರೆ ಡಿಸಿ ಲಿಂಕ್ ಸುಮಾರು 587 ವೋಲ್ಟ್ ಆಗುತ್ತೆ. ಆದ್ರೆ ಡಯೋಡಿನಿಂದ ಬರೋ ಡಿಸಿ ಸಮತಟ್ಟಾಗಿ ಇರಲ್ಲ. ಕೆಪಾಸಿಟರ್ ಇಲ್ಲದಿದ್ರೆ ಸೆಕೆಂಡಿಗೆ 300 ಸಲ 508 ವೋಲ್ಟ್‌ಗೆ ಇಳಿದು ಮತ್ತೆ ಏರುತ್ತೆ. ಈ ಏರಿಳಿತಕ್ಕೇ ರಿಪಲ್ ಅನ್ನೋದು. ಸಿಂಗಲ್ ಫೇಸ್ ಆದ್ರೆ ಇನ್ನೂ ಕಷ್ಟ: ಸೆಕೆಂಡಿಗೆ 100 ಸಲ ಪೂರ್ತಿ ಸೊನ್ನೆಗೆ ಇಳಿಯುತ್ತೆ. ಆ ಹಳ್ಳ ತುಂಬೋ ಕೆಲಸ ಎಲ್ಲಾ ಕೆಪಾಸಿಟರಿನ ತಲೆ ಮೇಲೆ.

300 ಮತ್ತು 100. ಈ ಎರಡು ನಂಬರ್ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗ್ತವೆ.

ತುಂಬೋದು, ಖಾಲಿ ಆಗೋದು ಪುಕ್ಕಟೆ ಅಲ್ಲ. ಕೆಪಾಸಿಟರ್ ಒಳಗೆ ಸ್ವಲ್ಪ ರೆಸಿಸ್ಟೆನ್ಸ್ ಇರುತ್ತೆ. ಕರೆಂಟ್ ಹೋಗಿ ಬಂದಾಗೆಲ್ಲ ಅಲ್ಲಿ ಬಿಸಿ. ಬಿಸಿಗೆ ಒಳಗಿನ ದ್ರಾವಣ ಒಣಗುತ್ತೆ, ಒಣಗಿದಷ್ಟೂ ರೆಸಿಸ್ಟೆನ್ಸ್ ಜಾಸ್ತಿ, ರೆಸಿಸ್ಟೆನ್ಸ್ ಜಾಸ್ತಿ ಆದಷ್ಟೂ ಬಿಸಿ ಜಾಸ್ತಿ. ಬಡ್ಡಿ ಮೇಲೆ ಬಡ್ಡಿ ಬೆಳೆದಂಗೆ. 10 ಡಿಗ್ರಿ ಬಿಸಿ ಹೆಚ್ಚಾದ್ರೆ ಆಯಸ್ಸು ಅರ್ಧ ಅನ್ನೋದು ಈ ಕಸುಬಿನವರ ಅಂದಾಜು ಲೆಕ್ಕ.

ಭಾಗ 3/10: ಜಾಡಿಯಿಂದ ರೇಡಿಯೊಗೆ

ಈ ಕೆರೆಯ ಮೊದಲ ರೂಪ ಒಂದು ಗಾಜಿನ ಜಾಡಿ. 1745ರಲ್ಲಿ ಜರ್ಮನಿಯ ಕ್ಲೈಸ್ಟ್, 1746ರಲ್ಲಿ ಹಾಲೆಂಡಿನ ಲೈಡನ್ ಊರಿನ ಮುಶೆನ್‌ಬ್ರೂಕ್, ಇಬ್ಬರೂ ಬೇರೆ ಬೇರೆಯಾಗಿ ಜಾಡಿಯಲ್ಲಿ ವಿದ್ಯುತ್ ಕೂಡಿಡಬಹುದು ಅಂತ ಕಂಡುಕೊಂಡರು. ಇಬ್ಬರಿಗೂ ಗೊತ್ತಾಗಿದ್ದು ಶಾಕ್ ಹೊಡೆಸಿಕೊಂಡೇ. ಫ್ರಾನ್ಸಿನಲ್ಲಿ ನೊಲೆ ಅನ್ನೋ ಪಾದ್ರಿ 180 ಸೈನಿಕರನ್ನ ಕೈ ಕೈ ಹಿಡಿಸಿ ನಿಲ್ಲಿಸಿ, ರಾಜನ ಎದುರಿಗೆ ಜಾಡಿಯ ಕರೆಂಟ್ ಹರಿಸಿದ. ಎಲ್ಲರೂ ಒಂದೇ ಸಲ ನೆಗೆದರು. ಆಗಿನ ಕಾಲದ ವೈರಲ್ ವಿಡಿಯೊ ಅನ್ಕೊಳ್ಳಿ.

ಜಾಡಿ ಹಿಡಿಯೋದು ತುಂಬಾ ಕಡಿಮೆ. ದೊಡ್ಡ ಕೆರೆ ಬಂದಿದ್ದು 1890ರ ದಶಕದ ಕೊನೆಗೆ. ಪೋಲೆಂಡ್ ಮೂಲದ ಕರೋಲ್ ಪೊಲ್ಲಾಕ್ ಅಲ್ಯೂಮಿನಿಯಂ ಮೇಲೆ ಕೂರುವ ತೆಳು ಆಕ್ಸೈಡ್ ಪದರವನ್ನೇ ಬಳಸಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗೆ ಪೇಟೆಂಟ್ ಪಡೆದ. ಪದರ ತೆಳುವಾದಷ್ಟೂ ಕೆಪಾಸಿಟರ್ ಹೆಚ್ಚು ಹಿಡಿಯುತ್ತೆ. ದೊಡ್ಡಪ್ಪನ ಡ್ರೈವಲ್ಲಿ ಉಬ್ಬಿದ್ದು ಇದರ ವಂಶದ್ದೇ.

ಜನಸಾಮಾನ್ಯರು ರಿಪಲ್ ಅನ್ನೋದನ್ನ ಮೊದಲು ಕಿವಿಯಿಂದ ಕೇಳಿದ್ದು ರೇಡಿಯೊದಲ್ಲಿ. ಮೊದಮೊದಲ ರೇಡಿಯೊಗಳಿಗೆ ಬ್ಯಾಟರಿ ಬೇಕಿತ್ತು. ಮನೆ ಕರೆಂಟಿನಲ್ಲೇ ನಡೆಯೋ ವಾಲ್ವ್ ರೇಡಿಯೊ ಬಂದಾಗ ಒಂದು ಹೊಸ ಪೀಡೆ ಶುರುವಾಯ್ತು. ಹಾಡಿನ ಹಿಂದೆ ಒಂದೇ ಸಮನೆ ಗುಂಯ್ ಅನ್ನೋ ಸದ್ದು. ಅದು ಬೇರೇನಲ್ಲ, ಸೆಕೆಂಡಿಗೆ 100 ಸಲದ ರಿಪಲ್ ಸ್ಪೀಕರಿನಲ್ಲಿ ಕೇಳಿಸ್ತಿತ್ತು. ಪರಿಹಾರ ಆಗಲೇ ಸಿಕ್ಕಿತ್ತು: ಒಂದು ಕೆಪಾಸಿಟರ್, ಒಂದು ಕಬ್ಬಿಣದ ತಿರುಳಿನ ಚೋಕ್, ಮತ್ತೊಂದು ಕೆಪಾಸಿಟರ್. ಕೆಪಾಸಿಟರ್ ವೋಲ್ಟೇಜ್ ಅಲುಗಾಡದಂತೆ ಹಿಡಿಯುತ್ತೆ, ಚೋಕ್ ಕರೆಂಟ್ ಅಲುಗಾಡದಂತೆ ಹಿಡಿಯುತ್ತೆ. ನೂರು ವರ್ಷ ಆಯ್ತು, ಈ ಜೋಡಿ ಇನ್ನೂ ಬೇರೆ ಆಗಿಲ್ಲ.

ಮೈಸೂರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದದ್ದು 1935ರಲ್ಲಿ. "ಆಕಾಶವಾಣಿ" ಅನ್ನೋ ಹೆಸರು ಬಂದಿದ್ದು ಅಲ್ಲಿಂದ. ನಿಮ್ಮ ಅಟ್ಟದ ಮೇಲೆ ತಾತನ ವಾಲ್ವ್ ರೇಡಿಯೊ ಇದ್ದು, ಅದು ಬರೀ ಗುಂಯ್ ಅಂದ್ರೆ, ಕೆಪಾಸಿಟರ್ ಒಣಗಿರಬಹುದು. ಗಿರಣಿಯದೂ ಅದೇ ರೋಗ, ಮೈ ಮಾತ್ರ ಬೇರೆ.

ಭಾಗ 4/10: 1902

ನಮ್ ರಾಜ್ಯದ ಕರೆಂಟಿನ ಇತಿಹಾಸ ಶಿವನಸಮುದ್ರದಿಂದ ಶುರು. 1902ರಲ್ಲಿ ಕಾವೇರಿ ಜಲಪಾತದ ನೀರಿಂದ ತಯಾರಾದ ಕರೆಂಟ್ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಹೋಯ್ತು. ಅಷ್ಟು ದೂರ ಕರೆಂಟ್ ಸಾಗಿಸೋದು ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಸಾಹಸ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ನಮ್ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೀಮೆ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ.

ಶಿವನಸಮುದ್ರದ ಕರೆಂಟ್ ಎಸಿ. ಎಸಿಯನ್ನ ಟ್ರಾನ್ಸ್‌ಫಾರ್ಮರಿನಿಂದ ಸುಲಭವಾಗಿ ಏರಿಸಬಹುದು, ಇಳಿಸಬಹುದು. ದೂರ ಸಾಗಿಸಬೇಕಂದ್ರೆ ವೋಲ್ಟೇಜ್ ಏರಿಸಲೇಬೇಕು. ಎಡಿಸನ್‌ನ ಡಿಸಿ ಸೋತಿದ್ದು ಇಲ್ಲೇ. ಕಥೆ ಇಲ್ಲಿಗೆ ಮುಗೀತು ಅಂತ ಪಠ್ಯಪುಸ್ತಕ ಹೇಳುತ್ತೆ. ಮುಗಿಯಲಿಲ್ಲ.

ಅದೇ 1902ರಲ್ಲಿ ಅಮೆರಿಕದಲ್ಲಿ ಪೀಟರ್ ಕೂಪರ್ ಹ್ಯೂಯಿಟ್ ಅನ್ನೋರು ಪಾದರಸದ ಆವಿಯಲ್ಲಿ ಕಿಡಿ ಹೊತ್ತಿಸಿ ಎಸಿಯನ್ನ ಡಿಸಿ ಮಾಡೋ ಉಪಕರಣ ಮಾಡಿದರು. ಅದಕ್ಕೂ ಮುಂಚೆ ಈ ಕೆಲಸಕ್ಕೆ ತಿರುಗೋ ದೊಡ್ಡ ಯಂತ್ರಗಳೇ ಬೇಕಿದ್ವು. ಪಾದರಸದ ಗಾಜಿನ ಬುರುಡೆ ನೀಲಿ ಬೆಳಕು ಚೆಲ್ಲುತ್ತಾ ಕೂತಲ್ಲೇ ಕೆಲಸ ಮಾಡ್ತಿತ್ತು. ಟ್ರಾಮು, ಕಾರ್ಖಾನೆ, ಸಿನಿಮಾ ಟಾಕೀಸಿನ ಪ್ರೊಜೆಕ್ಟರ್, ಎಲ್ಲಾ ಕಡೆ ಇದು ಬಂತು.

ಸ್ವೀಡನ್ನಿನ ಊನೊ ಲಾಮ್ ಈ ಪಾದರಸದ ವಾಲ್ವನ್ನ ದೊಡ್ಡ ವೋಲ್ಟೇಜಿಗೆ ಒಗ್ಗಿಸೋಕೆ ಹೆಚ್ಚುಕಡಿಮೆ ಇಡೀ ವೃತ್ತಿಜೀವನ ಸವೆಸಿದರು. 1954ರಲ್ಲಿ ಗಾಟ್ಲೆಂಡ್ ದ್ವೀಪಕ್ಕೆ ಸಮುದ್ರದ ತಳದಲ್ಲಿ 96 ಕಿ.ಮೀ. ಕೇಬಲ್ ಹಾಕಿ, 100 ಕಿಲೋವೋಲ್ಟ್‌ನಲ್ಲಿ 20 ಮೆಗಾವಾಟ್ ಡಿಸಿ ಕಳಿಸಿದರು. ಸಮುದ್ರದಡಿಯ ಕೇಬಲ್ಲೇ ಒಂದು ಉದ್ದನೆಯ ಕೆಪಾಸಿಟರ್. ಎಸಿ ಕೊಟ್ರೆ ಅದನ್ನ ತುಂಬಿ ಖಾಲಿ ಮಾಡೋದ್ರಲ್ಲೇ ಕರೆಂಟ್ ದಂಡವಾಗುತ್ತೆ. ಡಿಸಿಗೆ ಆ ತೊಂದ್ರೆ ಇಲ್ಲ. ಸೋತು ಹೋಗಿದ್ದ ಡಿಸಿ ವಾಪಸ್ ಬಂತು. ಬರುವಾಗ ರಿಪಲ್ಲನ್ನೂ ಜೊತೆಗೆ ಕರ್ಕೊಂಡೇ ಬಂತು.

ಭಾಗ 5/10: ತಾಲ್ಚೇರ್‌ನಿಂದ ಕೋಲಾರ

1902ರಲ್ಲಿ ಕರೆಂಟ್ ಹೋಗಿ ತಲುಪಿದ ಅದೇ ಕೋಲಾರ ಜಿಲ್ಲೆಗೆ ಸರಿಯಾಗಿ ನೂರೊಂದು ವರ್ಷದ ನಂತರ, 2003ರಲ್ಲಿ, ಇನ್ನೊಂದು ಲೈನ್ ಬಂತು. ಒಡಿಶಾದ ತಾಲ್ಚೇರ್‌ನಿಂದ ಸುಮಾರು 1,450 ಕಿ.ಮೀ., ಪ್ಲಸ್ ಮೈನಸ್ 500 ಕಿಲೋವೋಲ್ಟ್ ಡಿಸಿ, 2,000 ಮೆಗಾವಾಟ್. ಪವರ್‌ಗ್ರಿಡ್‌ನದು. ಆಮೇಲೆ 2,500 ಮೆಗಾವಾಟ್‌ಗೆ ಏರಿಸಿದರು. ನಮ್ ಡ್ರೈವಿನೊಳಗೆ ಡಿಸಿ ಲಿಂಕ್ ಗೇಣುದ್ದ ಇದ್ರೆ, ಇಲ್ಲಿ ಅದು ರಾಜ್ಯಗಳನ್ನ ದಾಟಿ ಬರುತ್ತೆ. ಕೆಲಸ ಒಂದೇ: ಎಸಿ, ನಡುವೆ ಡಿಸಿ, ಮತ್ತೆ ಎಸಿ.

ಇಲ್ಲಿ ರಿಪಲ್ ಕಡಿಮೆ ಮಾಡೋಕೆ ಮೂರು ಉಪಾಯ.

ಒಂದು, ಹುಟ್ಟೋ ಕಡೆನೇ ತಡೆಯೋದು. ಸೆಕೆಂಡಿಗೆ 300 ಏರಿಳಿತ ಕೊಡೋ ಎರಡು ಸೆಟ್ ಥೈರಿಸ್ಟರ್‌ಗಳನ್ನ ಜೋಡಿಸ್ತಾರೆ. ಒಂದರ ಟ್ರಾನ್ಸ್‌ಫಾರ್ಮರ್ ಸ್ಟಾರ್, ಇನ್ನೊಂದರದು ಡೆಲ್ಟಾ. ಎರಡರ ನಡುವೆ 30 ಡಿಗ್ರಿ ವ್ಯತ್ಯಾಸ. ಒಂದು ಇಳಿಯುವಾಗ ಇನ್ನೊಂದು ಏರುತ್ತೆ. ಒನಕೆ ಹಾಕಿ ಕುಟ್ಟೋರು ಇಬ್ಬರು ಒಬ್ಬರಾದ ಮೇಲೊಬ್ಬರು ಹಾಕಿದಂಗೆ. ಉಳಿಯೋ ರಿಪಲ್ ಸಣ್ಣದು, ವೇಗ ಸೆಕೆಂಡಿಗೆ 600.

ಎರಡು, ದೊಡ್ಡ ಸ್ಮೂದಿಂಗ್ ರಿಯಾಕ್ಟರ್. ತಾತನ ರೇಡಿಯೊದಲ್ಲಿದ್ದ ಚೋಕಿನ ದೈತ್ಯ ರೂಪ.

ಮೂರು, ಫಿಲ್ಟರ್. ಆ 600ಕ್ಕೂ ಅದರ ಗುಣಕಗಳಿಗೂ ಮಾತ್ರ ಸಲೀಸಾದ ದಾರಿ ಮಾಡಿಕೊಟ್ಟು ಪಕ್ಕಕ್ಕೆ ಸರಿಸಿಬಿಡೋದು. ಯಾಕಂದ್ರೆ 600 ಅನ್ನೋದು ನಮ್ ಕಿವಿಗೆ ಕೇಳೋ ಸದ್ದಿನ ವೇಗ. ಲೈನ್ ಪಕ್ಕದಲ್ಲಿ ಟೆಲಿಫೋನ್ ತಂತಿ ಇದ್ರೆ ಅದರಲ್ಲಿ ಗುಂಯ್ ಅಂತ ಕೇಳಿಸುತ್ತೆ. ಇದ್ರ ಜೊತೆ ಇನ್ನೊಂದು ಎಚ್ಚರ: ಲೈನು, ರಿಯಾಕ್ಟರ್, ಫಿಲ್ಟರ್ ಎಲ್ಲಾ ಸೇರಿ ತಾವೇ 50 ಅಥವಾ 100ರ ತಾಳಕ್ಕೆ ತೂಗಾಡದಂತೆ ಅಳತೆ ಆರಿಸಬೇಕು.

ಇದರಿಂದ ನಮಗೇನು ಅಂತೀರಾ? 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಬಿತ್ತು. ಎರಡನೇ ದಿನ ಪೂರ್ವ, ಈಶಾನ್ಯದ್ದೂ ಬಿತ್ತು. 60 ಕೋಟಿಗೂ ಹೆಚ್ಚು ಜನ ಇರೋ ಪ್ರದೇಶ ಕತ್ತಲಲ್ಲಿ. ದಕ್ಷಿಣದ ಗ್ರಿಡ್ ಬೀಳಲಿಲ್ಲ. ಆ ಕಡೆಗೆ ನಮಗಿದ್ದ ಜೋಡಣೆ ಡಿಸಿ ಮೂಲಕ ಆಗಿದ್ದದ್ದು ಅದಕ್ಕೆ ಮುಖ್ಯ ಕಾರಣ. ಆ ಕಡೆಯ ಅಲೆ ಈ ಕಡೆ ದಾಟಲಿಲ್ಲ. ರಾಯಚೂರು–ಸೊಲ್ಲಾಪುರ ಎಸಿ ಲೈನ್ ಜೋಡಿಸಿ ಇಡೀ ದೇಶ ಒಂದೇ ಗ್ರಿಡ್ ಆಗಿದ್ದು 2013ರ ಡಿಸೆಂಬರ್ 31ರಂದು.

ಭಾಗ 6/10: ಜಾಲಹಳ್ಳಿಯ ಹುಡುಗ

ಕೋಲಾರದ ಥೈರಿಸ್ಟರ್ ಅಮೆರಿಕದಲ್ಲಿ 1957ರಲ್ಲಿ ಹುಟ್ಟಿದ ಸ್ವಿಚ್ಚಿನ ಮೊಮ್ಮಗ. ಅದರದೊಂದು ಹಠ ಐತೆ. ಆನ್ ಮಾಡಬಹುದು, ಆದ್ರೆ ನಾವು ಹೇಳಿದಾಗ ಆಫ್ ಆಗಲ್ಲ. ಕರೆಂಟ್ ತಾನಾಗೇ ಸೊನ್ನೆಗೆ ಬರೋವರೆಗೂ ಕಾಯಬೇಕು. ಗಿರಣಿ ಮೋಟಾರಿನ ಸ್ಪೀಡ್ ಬೇಕಾದಂಗೆ ತಿರುಗಿಸೋಕೆ ಹೇಳಿದ ತಕ್ಷಣ ಆನ್, ಹೇಳಿದ ತಕ್ಷಣ ಆಫ್ ಆಗೋ ಸ್ವಿಚ್ ಬೇಕು.

ಅದು ಐಜಿಬಿಟಿ. 1980ರ ದಶಕದ ಆರಂಭದಲ್ಲಿ ಅದನ್ನ ಕಾರ್ಖಾನೆ ಮಟ್ಟಕ್ಕೆ ತಂದವರಲ್ಲಿ ಮೊದಲ ಹೆಸರು ಬಿ. ಜಯಂತ್ ಬಾಳಿಗಾ. ಹುಟ್ಟಿದ್ದು ಮದ್ರಾಸಲ್ಲಿ, ಬೆಳೆದಿದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. ತಂದೆ ಬಂಟ್ವಾಳ ವಿಠ್ಠಲ ಬಾಳಿಗಾ ಬಿಇಎಲ್ ಅಧ್ಯಕ್ಷರಾಗಿದ್ದವರು. ಬಿಷಪ್ ಕಾಟನ್ ಶಾಲೆ, 1969ರಲ್ಲಿ ಮದ್ರಾಸ್ ಐಐಟಿ, ಆಮೇಲೆ ಅಮೆರಿಕದ ಜನರಲ್ ಎಲೆಕ್ಟ್ರಿಕ್. 2024ರಲ್ಲಿ ಫಿನ್‌ಲೆಂಡಿನ ಮಿಲೆನಿಯಂ ಟೆಕ್ನಾಲಜಿ ಪ್ರಶಸ್ತಿ ಬಂತು. ಅಮೆರಿಕ, ಜಪಾನಿನ ಬೇರೆಯವರೂ ಇದೇ ಸ್ವಿಚ್ಚಿಗೆ ದುಡಿದಿದ್ದಾರೆ, ಅದನ್ನೂ ಹೇಳಬೇಕು. ಆದ್ರೆ ದೊಡ್ಡಪ್ಪನ ಡಬ್ಬಿಯೊಳಗೆ ಜಾಲಹಳ್ಳಿಯ ಹುಡುಗನ ಕೈ ಐತೆ ಅಂದ್ರೆ ಸುಳ್ಳಲ್ಲ.

ಹೊಸ ಸ್ವಿಚ್ ಹೊಸ ರಿಪಲ್ ತಂತು. ಈಗ ಕೆರೆಗೆ ಎರಡು ಕಡೆಯಿಂದ ಕಾಟ. ಒಳಬರೋ ಕಡೆ ಸೆಕೆಂಡಿಗೆ 300ರ ಅಲೆ. ಹೊರಹೋಗೋ ಕಡೆ ಐಜಿಬಿಟಿ ಸೆಕೆಂಡಿಗೆ ಸಾವಿರಾರು ಸಲ ತೂಬು ತೆಗೆದು ಮುಚ್ಚೋ ಅಲೆ.

ಇಷ್ಟು ವೇಗದಲ್ಲಿ ಗೇಣುದ್ದದ ತಂತಿಯೂ ಸುಮ್ಮನಿರಲ್ಲ. 10 ಸೆಂಟಿಮೀಟರ್ ತಂತಿಯಲ್ಲಿ ಅಂದಾಜು 100 ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇರುತ್ತೆ. ದೊಡ್ಡ ಕನ್ವರ್ಟರಿನಲ್ಲಿ ಕರೆಂಟ್ ಮೈಕ್ರೋಸೆಕೆಂಡಿಗೆ 1,000 ಆಂಪಿಯರ್ ಬದಲಾದ್ರೆ ಆ ತುಂಡು ತಂತಿ ಒಂದೇ 100 ವೋಲ್ಟ್ ಎಬ್ಬಿಸುತ್ತೆ. ಆ ಹೊಡೆತ ಸ್ವಿಚ್ಚನ್ನ ಸುಡಬಹುದು. ಅದಕ್ಕೇ ಎಂಜಿನಿಯರ್‌ಗಳು ತಂತಿ ಬಿಟ್ಟು, ಎರಡು ತಾಮ್ರದ ತಗಡುಗಳನ್ನ ಹೋಳಿಗೆ ಪದರದಂಗೆ ಒಂದರ ಮೇಲೊಂದು ಇಟ್ಟು, ನಡುವೆ ತೆಳು ಇನ್ಸುಲೇಷನ್ ಕೊಟ್ಟು ಕೆಪಾಸಿಟರಿಂದ ಸ್ವಿಚ್ಚಿಗೆ ಜೋಡಿಸ್ತಾರೆ. ಹೋಗೋ ಕರೆಂಟ್, ಬರೋ ಕರೆಂಟ್ ಅಕ್ಕಪಕ್ಕ ಇದ್ರೆ ಒಂದರ ಕಾಂತಕ್ಷೇತ್ರನ ಇನ್ನೊಂದು ಅಳಿಸುತ್ತೆ.

ಭಾಗ 7/10: ಪಂಚಮಿ ಜೋಕಾಲಿ

ರಿಪಲ್ ಆಯ್ತು, ಈಗ ರೆಸೊನೆನ್ಸ್. ಇದಕ್ಕೆ ನಮ್ ಕಡೆಯವರಿಗೆ ಪುಸ್ತಕ ಬೇಕಿಲ್ಲ. ನಾಗರ ಪಂಚಮಿ ಜೋಕಾಲಿ ಆಡಿದ್ರೆ ಸಾಕು.

ಜೋಕಾಲಿಗೆ ತನ್ನದೇ ಒಂದು ತಾಳ ಐತೆ. ಹಗ್ಗದ ಉದ್ದ ಎಷ್ಟೋ ಆ ತಾಳ ಅಷ್ಟು. ಆ ತಾಳಕ್ಕೆ ಸರಿಯಾಗಿ ಸಣ್ಣ ಹುಡುಗಿ ಒಂದು ಬೆರಳಲ್ಲಿ ದೂಡ್ತಾ ಹೋದ್ರೂ ಜೀಕು ಮರದ ಕೊಂಬೆ ಮುಟ್ಟುತ್ತೆ. ತಾಳ ತಪ್ಪಿ ದೂಡಿದ್ರೆ ಎಷ್ಟು ಬಲ ಹಾಕಿದ್ರೂ ಏಳಲ್ಲ.

ಚೋಕ್ ಮತ್ತು ಕೆಪಾಸಿಟರ್ ಒಟ್ಟಿಗೆ ಇದ್ದಲ್ಲೆಲ್ಲ ಒಂದು ಜೋಕಾಲಿ ಇರುತ್ತೆ. ಶಕ್ತಿ ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಜೀಕುತ್ತೆ. ರಿಪಲ್ ಕಡಿಮೆ ಮಾಡೋಕೆ ಅಂತ ನಾವೇ ಇವೆರಡನ್ನ ಹಾಕಿದ್ವಿ. ರಿಪಲ್ಲಿನ ತಾಳ ಈ ಜೋಕಾಲಿಯ ತಾಳಕ್ಕೆ ಕೂಡಿಬಿಟ್ರೆ ಮುಗೀತು. ಔಷಧಿಯೇ ವಿಷ. ವೋಲ್ಟೇಜ್ ಏರ್ತಾ ಹೋಗಿ ಏನಾದ್ರೂ ಸಿಡಿಯುತ್ತೆ.

ಇದೇ ರೆಸೊನೆನ್ಸನ್ನ ಆಳಾಗಿ ದುಡಿಸಿಕೊಂಡ ಕಥೆ ನಮ್ ರೈಲಿನಲ್ಲೇ ಐತೆ. 1993ರಲ್ಲಿ ಭಾರತೀಯ ರೈಲ್ವೆ ಎಬಿಬಿ ಜೊತೆ ಒಪ್ಪಂದ ಮಾಡಿಕೊಂಡು ತ್ರೀ ಫೇಸ್ ಮೋಟಾರಿನ ಎಂಜಿನ್ ತರಿಸಿತು. ಡಬ್ಲ್ಯುಎಪಿ-5, ಡಬ್ಲ್ಯುಎಜಿ-9. ಆಮೇಲೆ ಚಿತ್ತರಂಜನ್‌ನಲ್ಲಿ ಇಲ್ಲೇ ತಯಾರಾದ್ವು. ಗೂಡ್ಸ್ ಎಳೆಯೋ ಡಬ್ಲ್ಯುಎಜಿ-9ರ ಶಕ್ತಿ 6,120 ಹಾರ್ಸ್‌ಪವರ್.

ಮೇಲಿನ ತಂತಿ 25 ಕಿಲೋವೋಲ್ಟ್, ಆದ್ರೆ ಸಿಂಗಲ್ ಫೇಸ್. ಅಂದ್ರೆ ಬರೋ ಶಕ್ತಿ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತೆ. ಮೋಟಾರಿಗೆ ಒಂದೇ ಸಮ ಶಕ್ತಿ ಬೇಕು. ಬರೀ ಕೆಪಾಸಿಟರಲ್ಲೇ ಇದನ್ನ ಸರಿಮಾಡ್ತೀನಿ ಅಂದ್ರೆ ಎಂಜಿನ್ ತುಂಬಾ ಕೆಪಾಸಿಟರೇ ಇಡಬೇಕಾಗುತ್ತೆ. ಅದಕ್ಕೆ 2,800 ವೋಲ್ಟಿನ ಡಿಸಿ ಲಿಂಕಿಗೆ ಅಡ್ಡಲಾಗಿ ಒಂದು ಚೋಕ್, ಒಂದು ಕೆಪಾಸಿಟರ್ ಸಾಲಾಗಿ ಜೋಡಿಸಿ, ಸರಿಯಾಗಿ 100ರ ತಾಳಕ್ಕೆ ಹೊಂದಿಸಿದರು. 100ರ ರಿಪಲ್ಲಿಗೆ ಮಾತ್ರ ಅದು ತೆರೆದ ಬಾಗಿಲು. ಅಲೆ ಅಲ್ಲೇ ಒಳಗೆ ಹೋಗಿ ಜೀಕ್ತಾ ಇರುತ್ತೆ, ಮೋಟಾರಿನ ಕಡೆ ಬರಲ್ಲ.

ಮುಂದಿನ ಸಲ ಸ್ಟೇಷನ್ನಲ್ಲಿ ಉದ್ದನೆ ಗೂಡ್ಸ್ ಹಾದು ಹೋದ್ರೆ, ರೀಲ್ಸ್ ಮಾಡೋ ಮುಂಚೆ ಎಂಜಿನ್ನಿನ ಹಣೆ ಮೇಲಿನ ಹೆಸರು ಓದಿ.

ಭಾಗ 8/10: ನಮ್ಮ ಮೆಟ್ರೋ

ಬೆಂಗಳೂರಲ್ಲಿ ಓದ್ತಿರೋ ನಮ್ ಕಡೆ ಹುಡುಗ್ರೆಲ್ಲಾ ದಿನಾ ಹತ್ತೋ ನಮ್ಮ ಮೆಟ್ರೋ 2011ರ ಅಕ್ಟೋಬರ್ 20ರಂದು ಶುರುವಾಯ್ತು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್, 6.7 ಕಿ.ಮೀ. ಇಲ್ಲಿ ಮೇಲೆ ತಂತಿ ಇಲ್ಲ. ಹಳಿ ಪಕ್ಕದಲ್ಲಿ ಮೂರನೇ ಹಳಿ, ಅದರಲ್ಲಿ 750 ವೋಲ್ಟ್ ಡಿಸಿ.

ಡಿಸಿಯೇ ಬರ್ತದಲ್ಲ, ಇನ್ನೇನು ತೊಂದ್ರೆ ಅನ್ಸುತ್ತೆ. ಇಂಥ ಡಿಸಿ ರೈಲುಗಳಲ್ಲಿ ಒಳಬರೋ ದಾರಿಯಲ್ಲಿ ಒಂದು ಚೋಕ್, ಆಮೇಲೆ ಕೆಪಾಸಿಟರ್ ಇರುತ್ತೆ. ಇನ್ವರ್ಟರ್ ಎಬ್ಬಿಸೋ ಅಲೆ ಹಳಿಗೆ ಹೋಗಬಾರದು, ಯಾಕಂದ್ರೆ ಹಳಿ ಸುತ್ತಮುತ್ತಲೇ ಸಿಗ್ನಲ್ ವ್ಯವಸ್ಥೆನೂ ಕೆಲಸ ಮಾಡುತ್ತೆ. ಚೋಕ್, ಕೆಪಾಸಿಟರ್ ಬಂತು ಅಂದ್ರೆ ಜೋಕಾಲಿ ಬಂತು.

ಇಲ್ಲಿ ಒಂದು ವಿಚಿತ್ರ ಐತೆ. ಸಾಮಾನ್ಯ ಬಲ್ಬಿಗೆ ವೋಲ್ಟೇಜ್ ಕಮ್ಮಿ ಆದ್ರೆ ಕರೆಂಟೂ ಕಮ್ಮಿ. ಆದ್ರೆ ಮೋಟಾರಿಗೆ ಇಷ್ಟೇ ಶಕ್ತಿ ಕೊಡಬೇಕು ಅಂತ ಕೂತಿರೋ ಇನ್ವರ್ಟರಿಗೆ ವೋಲ್ಟೇಜ್ ಕಮ್ಮಿ ಆದ್ರೆ ಅದು ಕರೆಂಟ್ ಜಾಸ್ತಿ ಎಳೆಯುತ್ತೆ. ದಿನಕ್ಕೆ ಐನೂರು ರೂಪಾಯಿ ಬೇಕೇ ಬೇಕು ಅನ್ನೋ ಮನುಷ್ಯ, ತಾಸಿನ ಕೂಲಿ ಇಳಿದ್ರೆ ಜಾಸ್ತಿ ತಾಸು ದುಡೀತಾನಲ್ಲ, ಹಂಗೆ. ಅಂದ್ರೆ ಜೋಕಾಲಿ ಕೆಳಗೆ ಬರುವಾಗ ಹಿಡಿಯೋ ಬದಲು ಅದು ಇನ್ನಷ್ಟು ದೂಡುತ್ತೆ. ಜೀಕು ತಾನಾಗೇ ದೊಡ್ಡದಾಗುತ್ತೆ. ಫಿಲ್ಟರ್ ಮತ್ತು ಕನ್ವರ್ಟರ್ ಹೀಗೆ ಜಗಳ ಆಡೋದನ್ನ 1976ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನ ಆರ್.ಡಿ. ಮಿಡಲ್‌ಬ್ರೂಕ್ ಲೆಕ್ಕ ಹಾಕಿ ತೋರಿಸಿದರು. ಇವತ್ತಿಗೂ ಅದು ಪಾಠ.

ಪರಿಹಾರ ಎರಡು. ಒಂದು, ಕಾಲು ನೆಲಕ್ಕೆ ಉಜ್ಜಿ ಜೋಕಾಲಿ ನಿಲ್ಲಿಸೋ ತರ ರೆಸಿಸ್ಟರ್ ಹಾಕೋದು. ಸರಳ, ಆದ್ರೆ ಕರೆಂಟ್ ಬಿಸಿಯಾಗಿ ಪೋಲು. ಎರಡು, ಬುದ್ಧಿಯಿಂದ ಹಿಡಿಯೋದು. ಡಿಸಿ ಲಿಂಕಿನ ವೋಲ್ಟೇಜ್ ಅಲುಗಾಡೋದನ್ನ ಕ್ಷಣಕ್ಷಣಕ್ಕೂ ಅಳೆದು, ಏರುವಾಗ ಮೋಟಾರಿಗೆ ಸ್ವಲ್ಪ ಜಾಸ್ತಿ, ಇಳಿಯುವಾಗ ಸ್ವಲ್ಪ ಕಮ್ಮಿ ಕೊಡೋದು. ಒಳಗೆ ಕೂತವರಿಗೆ ಗೊತ್ತೇ ಆಗಲ್ಲ. ಸಾಫ್ಟ್‌ವೇರ್ ಅದೃಶ್ಯ ರೆಸಿಸ್ಟರ್ ತರ ಕೆಲಸ ಮಾಡುತ್ತೆ.

ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರ್ ಆಗಿ ಡಿಸಿ ಲಿಂಕ್ ತುಂಬುತ್ತೆ. ತೆಗೆದುಕೊಳ್ಳೋರು ಯಾರೂ ಇಲ್ಲದಿದ್ರೆ ವೋಲ್ಟೇಜ್ ಮಿತಿ ಮೀರುತ್ತೆ. ಆಗ ಒಂದು ಸ್ವಿಚ್ ತೆರೆದು ಹೆಚ್ಚಿದ್ದನ್ನ ರೆಸಿಸ್ಟರಿಗೆ ಸುರೀತಾರೆ. ಕೆರೆಗೆ ಕೋಡಿ ಇದ್ದಂಗೆ. ಕೋಡಿ ಇಲ್ಲದ ಕೆರೆ ಏರಿ ಒಡೆದುಕೊಳ್ಳುತ್ತೆ.

ಭಾಗ 9/10: ಕೆರೆ ಚಿಕ್ಕದು ಮಾಡೋರು

ಇಲ್ಲೀವರೆಗಿನ ಇತಿಹಾಸ ಒಂದೇ ಸಾಲಿನಲ್ಲಿ: ಅಲೆ ಬಂತು, ಕೆರೆ ದೊಡ್ಡದು ಮಾಡು. ಈಗ ಪ್ರಶ್ನೆ ತಿರುಗಿದೆ: ಅಲೆಯನ್ನೇ ಚಿಕ್ಕದು ಮಾಡಿದ್ರೆ ಕೆರೆ ಚಿಕ್ಕದಾದ್ರೂ ಸಾಕಲ್ಲ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲೆಕ್ಟ್ರಿಕಲ್ ವಿಭಾಗ 1911ರಲ್ಲೇ ಶುರುವಾಗಿತ್ತು. ಅಲ್ಲಿನ ವಿ.ಟಿ. ರಂಗನಾಥನ್, ಜಿ. ನಾರಾಯಣನ್ ಮುಂತಾದವರು ಮಾಡಿದ ಕೆಲಸ ಇದೇ ಜಾಡಿನದು. ಇನ್ವರ್ಟರಿನ ಆರು ಸ್ವಿಚ್‌ಗಳನ್ನ ಯಾವ ಕ್ರಮದಲ್ಲಿ, ಎಷ್ಟೆಷ್ಟು ಹೊತ್ತು ಆನ್ ಮಾಡಿದ್ರೆ ಮೋಟಾರ್ ಕರೆಂಟಿನ ರಿಪಲ್ ಕಮ್ಮಿ ಆಗುತ್ತೆ ಅನ್ನೋ ಲೆಕ್ಕ. ಹೆಚ್ಚಿನ ತಾಮ್ರ ಬೇಡ, ಹೆಚ್ಚಿನ ಕೆಪಾಸಿಟರ್ ಬೇಡ. ಅದೇ ಸ್ವಿಚ್, ಅದೇ ಸಂಖ್ಯೆಯ ಬಡಿತ, ಕ್ರಮ ಮಾತ್ರ ಬೇರೆ. ಡೊಳ್ಳಿನಲ್ಲಿ ಪೆಟ್ಟು ಅಷ್ಟೇ ಇದ್ರೂ ತಾಳ ಬದಲಾದಂಗೆ. ಡಿಸಿ ಲಿಂಕಿನ ಕಡೆಗೂ ಇದೇ ವಿದ್ಯೆ ನಡೆಯುತ್ತೆ. ಒಂದೇ ಡಿಸಿ ಲಿಂಕಿನ ಮೇಲೆ ಎರಡು ಇನ್ವರ್ಟರ್ ಇದ್ರೆ, ಒಂದು ಎಳೆಯುವಾಗ ಇನ್ನೊಂದು ಬಿಡೋ ಹಾಗೆ ಸಮಯ ಹೊಂದಿಸಿದ್ರೆ ಕೆಪಾಸಿಟರಿನ ಕೆಲಸ ಎಷ್ಟೋ ಹಗುರ. ಕೋಲಾರದ ಒನಕೆ ಉಪಾಯವೇ, ವೇಗ ಮಾತ್ರ ಇನ್ನೂ ಜಾಸ್ತಿ.

ಕೆಪಾಸಿಟರೂ ಬದಲಾಗಿದೆ. ದೊಡ್ಡ ಕನ್ವರ್ಟರ್‌ಗಳಲ್ಲಿ ಈಗ ಎಲೆಕ್ಟ್ರೋಲಿಟಿಕ್ ಬದಲು ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹೆಚ್ಚು. ಒಳಗೆ ಒಣಗೋ ದ್ರಾವಣವೇ ಇಲ್ಲ, ರೆಸಿಸ್ಟೆನ್ಸ್ ತೀರಾ ಕಮ್ಮಿ. ಹಿಡಿಯೋದು ಕಮ್ಮಿ, ಬಾಳೋದು ಜಾಸ್ತಿ. ಆದ್ರೆ ರೆಸಿಸ್ಟೆನ್ಸ್ ಕಮ್ಮಿ ಅಂದ್ರೆ ಜೋಕಾಲಿನ ತಡೆಯೋರೂ ಕಮ್ಮಿ. ಹಳೇ ಕೆಪಾಸಿಟರಿನ ದೋಷವೇ ಎಷ್ಟೋ ಸಲ ರೆಸೊನೆನ್ಸ್ ತಡೀತಿತ್ತು. ಒಂದು ಸುಧಾರಿಸಿದ್ರೆ ಇನ್ನೊಂದು ತಲೆ ಎತ್ತುತ್ತೆ.

ಇದೆಲ್ಲಾ ಈಗ ನಮ್ ಸುತ್ತಲೇ ಐತೆ. ಹರಪನಹಳ್ಳಿ, ಹಡಗಲಿ ಕಡೆ ಗುಡ್ಡದ ಮೇಲೆ ತಿರುಗೋ ಗಾಳಿ ಫ್ಯಾನ್‌ಗಳನ್ನ ಫೋಟೊ ತೆಗೆದು ಸ್ಟೇಟಸ್ ಹಾಕ್ತೀವಲ್ಲ, ಗಾಳಿ ಹೆಚ್ಚು ಕಮ್ಮಿ ಆದ್ರೂ ಗ್ರಿಡ್ಡಿಗೆ 50ರ ತಾಳದಲ್ಲೇ ಕರೆಂಟ್ ಕೊಡೋಕೆ ಈಗಿನ ಫ್ಯಾನ್‌ಗಳಲ್ಲಿ ಎರಡು ಕನ್ವರ್ಟರ್ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರ್ತವೆ. ನಡುವೆ ಡಿಸಿ ಲಿಂಕ್. ತುಮಕೂರು ಜಿಲ್ಲೆ ಪಾವಗಡದಲ್ಲಿ ಸುಮಾರು 13,000 ಎಕರೆ, 2,050 ಮೆಗಾವಾಟ್ ಸೋಲಾರ್. ರೈತರ ಜಮೀನು ಕೊಂಡಿದ್ದಲ್ಲ, ಲೀಸಿಗೆ ಪಡೆದಿದ್ದು. ಅಲ್ಲಿನ ಒಂದೊಂದು ಇನ್ವರ್ಟರಿನಲ್ಲೂ ಒಂದೊಂದು ಚಿಕ್ಕ ಕೆರೆ. ಮಳೆ ಕಡಿಮೆ ಇರೋ ಸೀಮೆಗಳಿಗೇ ಈ ಹೊಸ ಕೆರೆಗಳು ಬಂದಿವೆ.

ಭಾಗ 10/10: ತಪ್ಪು

ಈಗ ನನ್ ಕಥೆ.

ಉಗಾದಿಗೆ ಒಂದೂವರೆ ತಿಂಗಳು ಮುಂಚೆ ಡ್ರೈವ್ ಪದೇ ಪದೇ ಟ್ರಿಪ್ ಆಗ್ತಿತ್ತು. ಸ್ಕ್ರೀನ್ ಮೇಲೆ ಒಂದು ಕೋಡ್. ದೊಡ್ಡಪ್ಪ ಫೋನ್ ಮಾಡಿ "ಲೇ ತಮ್ಮಾ, ಕರೆಂಟಿಂದು ಓದ್ತೀಯಲ್ಲ, ಬಂದು ನೋಡು" ಅಂದ್ರು. ಮೊಬೈಲಲ್ಲಿ ಮ್ಯಾನುಯಲ್ ಹುಡುಕಿದೆ. ಆ ಕೋಡ್ ಅರ್ಥ "ಇನ್‌ಪುಟ್ ಫೇಸ್ ಇಲ್ಲ" ಅಂತ. ಅದೇ ಪುಟದ ಕೆಳಗೆ, ಈ ರಕ್ಷಣೆಯನ್ನ ಬಂದ್ ಮಾಡೋ ಸೆಟ್ಟಿಂಗೂ ಇತ್ತು. ಬಂದ್ ಮಾಡ್ದೆ. ಗಿರಣಿ ಓಡ್ತು. ದೊಡ್ಡಪ್ಪ ಬಂದವರಿಗೆಲ್ಲಾ "ನಮ್ ಹುಡುಗ ಎಂಜಿನಿಯರ್ ಆದ ನೋಡ್ರಿ" ಅಂದ್ರು. ಐನೂರು ರೂಪಾಯಿ ಕೊಟ್ರು. ನಾನು ಸ್ಟೋರಿ ಹಾಕಿದ್ದೆ, ನಿಮ್ಮಲ್ಲಿ ಎಷ್ಟೋ ಜನ ಬೆಂಕಿ ಎಮೋಜಿ ಕಳಿಸಿದ್ರಿ.

ಬೋರ್ಡಿನ ಮೂರು ಫ್ಯೂಸಲ್ಲಿ ಒಂದು ಸುಟ್ಟಿತ್ತು. ಅದನ್ನ ನಾನು ನೋಡಲೇ ಇಲ್ಲ.

ಈಗ ಎರಡನೇ ಭಾಗದ ನಂಬರ್ ನೆನಪು ಮಾಡ್ಕೊಳ್ಳಿ. ಮೂರು ಫೇಸ್ ಇದ್ದಾಗ ಸೆಕೆಂಡಿಗೆ 300 ಸಣ್ಣ ತಗ್ಗು. ಒಂದು ಫೇಸ್ ಹೋದ್ರೆ ಉಳಿದ ಎರಡು ಸೇರಿ ಸಿಂಗಲ್ ಫೇಸ್ ಆದಂಗೆ: ಸೆಕೆಂಡಿಗೆ 100 ಸಲ ಸೊನ್ನೆಗೆ ಬೀಳೋ ಆಳವಾದ ಹಳ್ಳ. ಒಂದೂವರೆ ತಿಂಗಳು, ದಿನಾ ಗಂಟೆಗಟ್ಟಲೆ, ಆ ಎರಡು ಕೆಪಾಸಿಟರ್ ಆ ಹಳ್ಳ ತುಂಬ್ತಾ ಒಳಗೊಳಗೇ ಬೆಂದ್ವು. ಬೇಸಿಗೆ ಬೇರೆ, ಫ್ಯಾನ್ ತುಂಬಾ ಹಿಟ್ಟಿನ ಧೂಳು. ಡ್ರೈವ್ ಟ್ರಿಪ್ ಆಗಿ ಕೂಗ್ತಾ ಇದ್ದದ್ದು ಅದಕ್ಕೇ. ನಾನು ಅದರ ಬಾಯಿ ಮುಚ್ಚಿಸಿದೆ.

ಇಡೀ ಇತಿಹಾಸ ಓದಿದ ಮೇಲೆ ನನಗೆ ಹತ್ತಿದ್ದು ಇಷ್ಟು. ಲಾಮ್ ಆಗಲಿ, ಮಿಡಲ್‌ಬ್ರೂಕ್ ಆಗಲಿ, ಅಲೆ ಎಲ್ಲಿಂದ ಬರ್ತಿದೆ ಅಂತ ಮೊದಲು ಕೇಳಿದ್ರು, ಆಮೇಲೆ ಕೈ ಹಾಕಿದ್ರು. ನಾನು ಕೇಳದೇ ಕೈ ಹಾಕಿದೆ.

ದಾವಣಗೆರೆಯ ಅಣ್ಣ ಕೆಪಾಸಿಟರ್ ಬದಲಿಸಿ, ಒಂದು ಡಿಸಿ ಚೋಕ್ ಸೇರಿಸಿ, ಸೆಟ್ಟಿಂಗ್ ವಾಪಸ್ ಆನ್ ಮಾಡಿಕೊಟ್ರು. ಹಬ್ಬದ ವ್ಯಾಪಾರ ಮಾತ್ರ ವಾಪಸ್ ಬರಲಿಲ್ಲ. ಸೆಟ್ಟಿಂಗ್ ಬಂದ್ ಮಾಡಿದ್ದು ನಾನೇ ಅಂತ ದೊಡ್ಡಪ್ಪಗೆ ಹೇಳೋಕೆ ನನಗೆ ಆರು ತಿಂಗಳು ಬೇಕಾಯ್ತು. ಈ ಸಲದ ಪಂಚಮಿಗೆ ಅಲ್ಲ, ದೀಪಾವಳಿಗೆ ಹೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ಆ ಐನೂರು ವಾಪಸ್ ಕೊಡು" ಅಂದ್ರು. ಕೊಟ್ಟೆ. ತಗೊಂಡ್ರು.

ಸೇವ್ ಮಾಡ್ಕೊಳ್ಳಿ:
– ಡ್ರೈವ್ ಟ್ರಿಪ್ ಆದ್ರೆ ಮೊದ್ಲು ಮೂರೂ ಫೇಸ್, ಮೂರೂ ಫ್ಯೂಸ್ ನೋಡಿಸಿ. ರಕ್ಷಣೆ ಬಂದ್ ಮಾಡಬೇಡಿ.
– ಫ್ಯಾನಿನ ಧೂಳು ತೆಗೆಸ್ತಾ ಇರಿ. ಡಬ್ಬಿ ಬಿಸಿಲಿಗೆ ಬೀಳದಂಗೆ ಇಡಿ.
– ಮೇನ್ ಆಫ್ ಮಾಡಿದ ಮೇಲೂ ಕೆಪಾಸಿಟರಲ್ಲಿ 500 ವೋಲ್ಟಿಗಿಂತ ಜಾಸ್ತಿ ನಿಂತಿರಬಹುದು. ಮ್ಯಾನುಯಲ್ ಹೇಳಿದಷ್ಟು ನಿಮಿಷ ಕಾದು, ಮೀಟರಲ್ಲಿ ಅಳೆದೇ ಮುಟ್ಟಬೇಕು. ಗೊತ್ತಿಲ್ಲ ಅಂದ್ರೆ ಮುಚ್ಚಳ ತೆಗೀಲೇಬೇಡಿ. ಆ 180 ಸೈನಿಕರು ನೆಗೆದು ಬದುಕಿದ್ರು. ಇಲ್ಲಿ ಹಂಗೆ ಆಗಲ್ಲ.

ನಿಮ್ಮೂರ ಗಿರಣಿ, ಪಂಪು, ಹಳೇ ರೇಡಿಯೊ ಕಥೆ ಇದ್ರೆ ಕಮೆಂಟಲ್ಲಿ ಬರೀರಿ. ನಿಮ್ ತಪ್ಪಿನ ಕಥೆ ಇದ್ರೆ ಇನ್ನೂ ಒಳ್ಳೇದು.

#ಅರಸೀಕೆರೆ #ಹರಪನಹಳ್ಳಿ #ಕೊಟ್ಟೂರು #ಹಡಗಲಿ #ಕೂಡ್ಲಿಗಿ #ಹಗರಿಬೊಮ್ಮನಹಳ್ಳಿ #ಡಿಸಿಲಿಂಕ್ #ಕರೆಂಟಿನಕಥೆ #ಕನ್ನಡದಲ್ಲಿವಿಜ್ಞಾನ